ಎಥನಾಲ್ ಬೆರೆತ ಪೆಟ್ರೋಲ್ ಮತ್ತು ಮೂಲೆ ಸೇರಿದ ಎಂಜಿನ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ತೋಟಗಳಲ್ಲಿ ಪ್ರತಿಯೊಂದು ಯಂತ್ರಕ್ಕೂ ಅದರದೇ ಆದ ಋತುವಿದೆ. ಮದ್ದು ಬಿಡುವ ಪವರ್ ಸ್ಪ್ರೇಯರ್‌ಗೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಡುವಿಲ್ಲ, ಉಳಿದ ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ವಿಶ್ರಾಂತಿ. ಪೆಟ್ರೋಲ್‌ನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪ್‌ಸೆಟ್‌ಗೆ ಬೇಸಿಗೆಯಲ್ಲಿ ದುಡಿಮೆ, ಮಳೆಗಾಲದಲ್ಲಿ ನಿದ್ದೆ. ಹುಲ್ಲು ಕತ್ತರಿಸುವ ಯಂತ್ರ ವರ್ಷಕ್ಕೆ ಎರಡು ಮೂರು ಬಾರಿ ಹೊರಬಂದರೆ ಹೆಚ್ಚು. ಹೀಗೆ ತಿಂಗಳುಗಟ್ಟಲೆ ನಿಂತ ಎಂಜಿನ್‌ನ ಹಗ್ಗ ಎಳೆದೆಳೆದು ಭುಜ ನೋಯಿಸಿಕೊಂಡ ಅನುಭವ ಇಲ್ಲಿಯ ಕೃಷಿಕರಿಗೆಲ್ಲ ಇದೆ. ಈ ಲೇಖಕನಿಗೂ ಇದೆ. ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ, ಹಸಿರು ಬಣ್ಣದ ಅಂಟನ್ನು ತೋರಿಸಿ, "ಎಲ್ಲ ಈ ಎಥನಾಲ್‌ನ ಕರಾಮತ್ತು ಸಾರ್" ಎನ್ನುತ್ತಾನೆ. ಈ ಮಾತು ಎಷ್ಟು ನಿಜ? ಉತ್ತರಿಸಲು ಸ್ವಲ್ಪ ಚರಿತ್ರೆ, ಸ್ವಲ್ಪ ಭೌತ ವಿಜ್ಞಾನ ಎರಡೂ ಬೇಕು.

ಅಡಿಕೆಯ ಮದ್ದು, ಕಬ್ಬಿನ ಸಾರ

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಆಳವಾಗಿ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕ್ಕೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು, ಮಳೆಗೆ ತೊಳೆದುಹೋಗದಂತೆ ಅಂಟು ಪದಾರ್ಥ ಸೇರಿಸಿ, ಬಳಕೆಗೆ ತಂದರು. ನೂರು ವರ್ಷ ಕಳೆದರೂ ಅಡಿಕೆ ಬೆಳೆಗಾರರ ಮುಖ್ಯ ಮದ್ದು ಅದೇ. 1956ರಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನ ಕೇಂದ್ರ ಆರಂಭವಾಯಿತು. ಕೈಪಂಪಿನ ಜಾಗಕ್ಕೆ ಕ್ರಮೇಣ ಎಂಜಿನ್ ಬಂತು.

ಸ್ವಾರಸ್ಯವೆಂದರೆ, ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಲು ಶ್ರಮಿಸಿದವರಲ್ಲಿಯೂ ಇದೇ ಕೋಲ್ಮನ್ ಒಬ್ಬರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಆಸವಿಸಿದರೆ ಎಥನಾಲ್ ಸಿಗುತ್ತದೆ. ಹೀಗೆ ಅಡಿಕೆಯ ಮದ್ದಿನ ಕಥೆ, ಮದ್ದು ಬಿಡುವ ಎಂಜಿನ್ನಿನ ಇಂಧನದ ಕಥೆ ಎರಡರಲ್ಲೂ ಒಂದೇ ಹೆಸರು ಬರುತ್ತದೆ.

ಹಳೆಯ ಇಂಧನವೇ

ಎಥನಾಲ್ ಹೊಸ ಇಂಧನವೇನಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಮೋರೆ 1826ರಲ್ಲೇ ಮದ್ಯಸಾರ ಮತ್ತು ಟರ್ಪೆಂಟೈನ್ ಆವಿಯಿಂದ ಎಂಜಿನ್ ಓಡಿಸಿದ್ದ. ಆದರೆ ಒಂದು ತೊಡಕಿತ್ತು. ಸಾಮಾನ್ಯ ಆಸವನದಿಂದ ತೂಕದಲ್ಲಿ ಶೇಕಡ 95.6ಕ್ಕಿಂತ ಹೆಚ್ಚು ಶುದ್ಧ ಎಥನಾಲ್ ಪಡೆಯಲಾಗದು. ಆ ಹಂತದಲ್ಲಿ ನೀರು ಮತ್ತು ಎಥನಾಲ್ ಒಂದೇ ಅನುಪಾತದಲ್ಲಿ ಆವಿಯಾಗುತ್ತವೆ. ಉಳಿದ ನೀರು ಪೆಟ್ರೋಲ್‌ನೊಡನೆ ಹೊಂದಿಕೊಳ್ಳದು. 1902ರಲ್ಲಿ ಸಿಡ್ನಿ ಯಂಗ್ ಬೆಂಜೀನ್ ಸೇರಿಸಿ ಆಸವಿಸುವ ವಿಧಾನದಿಂದ ನಿರ್ಜಲ ಎಥನಾಲ್ ಪಡೆದ. ಇಂದು ಈ ಕೆಲಸವನ್ನು ಅಣು ಜರಡಿಗಳು ಮಾಡುತ್ತವೆ.

ಬ್ರೆಜಿಲ್ 1931ರಲ್ಲಿ ಆಮದು ಪೆಟ್ರೋಲ್‌ಗೆ ಶೇಕಡ 5ರಷ್ಟು ಮದ್ಯಸಾರ ಬೆರೆಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಸಂಯುಕ್ತ ಪ್ರಾಂತ್ಯ 1940ರಲ್ಲಿ ಪವರ್ ಆಲ್ಕೊಹಾಲ್ ಕಾಯಿದೆ ತಂದಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಬಂತು. ಅದರ ವ್ಯಾಖ್ಯೆಯಂತೆ ಪವರ್ ಆಲ್ಕೊಹಾಲ್ ಎಂದರೆ ಕನಿಷ್ಠ ಶೇಕಡ 99.5 ಶುದ್ಧ ಎಥನಾಲ್. ನೀರಿನ ಅಪಾಯ ಅಂದಿನವರಿಗೂ ಗೊತ್ತಿತ್ತು ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ. ಅಗ್ಗದ ಕಚ್ಚಾತೈಲದ ದಶಕಗಳಲ್ಲಿ ಆ ಕಾಯಿದೆ ಮೂಲೆ ಸೇರಿತು, 2000ದಲ್ಲಿ ರದ್ದಾಯಿತು.

ಮರುವರ್ಷವೇ ಎಥನಾಲ್ ಪ್ರಾಯೋಗಿಕವಾಗಿ ಮರಳಿತು! 2003ರ ಜನವರಿಯಿಂದ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇಕಡ 5 ಮಿಶ್ರಣ ಆರಂಭವಾಯಿತು. ಪೂರೈಕೆ ಸಾಲದೆ ಕೆಲಕಾಲ ಕುಂಟಿತು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಶೇಕಡ 10 ತಲುಪಿತು. 2023ರ ಫೆಬ್ರವರಿಯಲ್ಲಿ ಇ-20 ಅಂದರೆ ಶೇಕಡ 20 ಮಿಶ್ರಣದ ಮಾರಾಟಕ್ಕೆ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿ. 2025ರಲ್ಲಿ ಅದು ದೇಶದ ಬಹುತೇಕ ಬಂಕ್‌ಗಳ ಸಾಮಾನ್ಯ ಪೆಟ್ರೋಲ್ ಆಯಿತು.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಂಬಂಧಿಸಿದ ಒಂದು ಪಾಠವಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ 363 ಕಿಲೋಮೀಟರ್ ಉದ್ದದ ತೈಲ ಕೊಳವೆ ಬೆಳ್ತಂಗಡಿ ತಾಲೂಕಿನ ನೆರಿಯದ ಪಂಪಿಂಗ್ ಕೇಂದ್ರದ ಮೂಲಕ ಘಟ್ಟ ಹತ್ತುತ್ತದೆ. ಅದರೊಳಗೆ ಹರಿಯುವ ಪೆಟ್ರೋಲ್‌ಗೆ ಎಥನಾಲ್ ಬೆರೆಸುವುದಿಲ್ಲ. ಎಥನಾಲ್ ಟ್ಯಾಂಕರ್‌ಗಳಲ್ಲಿ ಬಂದು ಕೊನೆಯ ಡಿಪೋದಲ್ಲಿ ಸೇರುತ್ತದೆ. ದಾರಿಯಲ್ಲಿ ನೀರು ಕೂಡಿಕೊಂಡೀತೆಂಬುದು ಇದಕ್ಕೆ ಒಂದು ಮುಖ್ಯ ಕಾರಣ. ತೈಲ ಕಂಪನಿಗಳು ಇಷ್ಟು ಎಚ್ಚರ ವಹಿಸುವ ದ್ರವವನ್ನು ನಾವು ಸ್ಪ್ರೇಯರ್‌ನ ಟ್ಯಾಂಕಿನಲ್ಲಿ ಒಂಬತ್ತು ತಿಂಗಳು ಮರೆತುಬಿಡುತ್ತೇವೆ.

ನೀರು ಎಲ್ಲಿಂದ ಬರುತ್ತದೆ?

ಎಥನಾಲ್ ಅಣುವಿನ ಒಂದು ತುದಿಯಲ್ಲಿ ಹೈಡ್ರಾಕ್ಸಿಲ್ ಗುಂಪಿದೆ. ಅದು ನೀರಿನೊಡನೆ ಹೈಡ್ರೋಜನ್ ಬಂಧ ಏರ್ಪಡಿಸುತ್ತದೆ. ಇನ್ನೊಂದು ತುದಿ ಪೆಟ್ರೋಲ್‌ನ ಹೈಡ್ರೊಕಾರ್ಬನ್‌ಗಳ ಸ್ನೇಹಿ. ನೀರು ಸ್ವಲ್ಪವೇ ಇದ್ದಾಗ ಎಥನಾಲ್ ಎರಡನ್ನೂ ಹಿಡಿದಿಡುತ್ತದೆ. ಇ-10 ಪೆಟ್ರೋಲ್ ಶೇಕಡ 0.5ರಷ್ಟು, ಅಂದರೆ ಲೀಟರಿಗೆ ಸುಮಾರು 5 ಮಿ.ಲೀ. ನೀರನ್ನು ಕರಗಿಸಿಕೊಳ್ಳಬಲ್ಲದು. ಇ-20ರಲ್ಲಿ ಈ ಮಿತಿ ಇನ್ನೂ ಹೆಚ್ಚು. ಮಿತಿ ಮೀರಿದರೆ, ಅಥವಾ ಮಿತಿಯ ಅಂಚಿನಲ್ಲಿರುವಾಗ ತಾಪ ಇಳಿದರೆ, ನೀರು ಬಹುಪಾಲು ಎಥನಾಲನ್ನು ಎಳೆದುಕೊಂಡು ಟ್ಯಾಂಕಿನ ತಳ ಸೇರುತ್ತದೆ. ಇದೇ ಪದರ ಬೇರ್ಪಡುವಿಕೆ.

ಕರಾವಳಿಯ ಮಳೆಗಾಲದ ಗಾಳಿಯಿಂದಲೇ ಇಷ್ಟು ನೀರು ಬರುತ್ತದೆಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಟ್ಯಾಂಕಿನಲ್ಲಿ ಅರ್ಧ ಇ-10 ಪೆಟ್ರೋಲ್, ಅರ್ಧ ಗಾಳಿ ಇರಲಿ. ಹಗಲು ರಾತ್ರಿಯ ತಾಪ ವ್ಯತ್ಯಾಸ 10 ಡಿಗ್ರಿ ಸೆಲ್ಸಿಯಸ್ ಆದರೆ ಗಾಳಿಯ ಗಾತ್ರ ಸುಮಾರು ಮೂವತ್ತರಲ್ಲೊಂದು ಭಾಗ, ಅಂದರೆ 17 ಮಿ.ಲೀ. ಬದಲಾಗುತ್ತದೆ. ಅಷ್ಟು ಗಾಳಿ ದಿನವೂ ಹೊರಹೋಗಿ ಒಳಬರುತ್ತದೆ. 30 ಡಿಗ್ರಿಯ ಸಂತೃಪ್ತ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. ಆದ್ದರಿಂದ ದಿನವೊಂದಕ್ಕೆ ಒಳಬರುವ ನೀರು ಕೇವಲ 0.0005 ಗ್ರಾಂ. 200 ದಿನಗಳಲ್ಲಿ 0.1 ಗ್ರಾಂ, ಅಂದರೆ ಎರಡು ಹನಿ! ಪೆಟ್ರೋಲ್ ಆವಿಯ ಒತ್ತಡದ ಏರಿಳಿತವನ್ನೂ ಗಣಿಸಿ ಇದನ್ನು ಆರು ಪಟ್ಟು ಮಾಡಿದರೂ 0.6 ಗ್ರಾಂ. ಅರ್ಧ ಲೀಟರ್ ಇ-10 ಕರಗಿಸಿಕೊಳ್ಳುವ 2.5 ಮಿ.ಲೀ.ಗೆ ಇದು ಎಲ್ಲಿಯ ಸಮ? ಮುಚ್ಚಳ ಭದ್ರವಾಗಿದ್ದರೆ ಗಾಳಿಯ ತೇವವೊಂದೇ ಪದರ ಬೇರ್ಪಡಿಸಲಾರದು.

ಹಾಗಾದರೆ ತಳದಲ್ಲಿ ನೀರು ಕಾಣುವುದೇಕೆ? ಸಡಿಲ ಮುಚ್ಚಳ, ಮಳೆಯಲ್ಲೇ ಪೆಟ್ರೋಲ್ ತುಂಬುವ ಅಭ್ಯಾಸ, ತೊಳೆದು ಒಣಗಿಸದ ಕ್ಯಾನು ಮತ್ತು ಆಲಿಕೆ. ಒಂದು ಲೀಟರ್ ಇ-10 ಕೆಡಲು ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು ನೀರು ಸಾಕು. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಇದರ ಪರಿಣಾಮ ಕ್ರೂರ. ಪೆಟ್ರೋಲ್‌ಗೆ ಬೆರೆಸಿದ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ಇಂಧನ ನಳಿಕೆ ಹೀರುವುದು ತಳದ ಪದರವನ್ನು. ಎಂಜಿನ್ ಅಪ್ಪಿತಪ್ಪಿ ಚಾಲೂ ಆದರೆ ಜಿಡ್ಡಿಲ್ಲದ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳಬಹುದು.

ಉಳಿದ ಆರೋಪಗಳು

ಮೆಕ್ಯಾನಿಕ್ ತೋರಿಸಿದ ಅಂಟಿನ ಅಪರಾಧಿ ಎಥನಾಲ್ ಮಾತ್ರವಲ್ಲ. ಕಾರ್ಬ್ಯುರೇಟರ್‌ನ ಬಟ್ಟಲಿನಲ್ಲಿ ಉಳಿದ ಕೆಲವೇ ಮಿ.ಲೀ. ಪೆಟ್ರೋಲ್‌ನಿಂದ ಹಗುರ ಅಂಶಗಳು ಮೊದಲು ಆವಿಯಾಗುತ್ತವೆ. ಉಳಿದವು ಗಾಳಿಯ ಆಕ್ಸಿಜನ್‌ನೊಡನೆ ವರ್ತಿಸಿ ಗೋಂದಾಗುತ್ತವೆ. ಕೂದಲೆಳೆಯಂಥ ಜೆಟ್ ರಂಧ್ರ ಮುಚ್ಚಲು ಅಷ್ಟು ಸಾಕು. ಶುದ್ಧ ಪೆಟ್ರೋಲ್ ಕಾಲದಲ್ಲೂ ಹೀಗಾಗುತ್ತಿತ್ತು.

ಎಥನಾಲ್ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಅದು ಒಳ್ಳೆಯ ದ್ರಾವಕವಾದ್ದರಿಂದ ಹಳೆಯ ಟ್ಯಾಂಕಿನ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಹಳೆಯ ರಬ್ಬರ್ ಕೊಳವೆ, ವಾಷರ್‌ಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಒಣಗಿದಾಗ ಅವು ಬಿರಿಯುತ್ತವೆ. ನೀರು ಸೇರಿದರೆ ಸತು, ಅಲ್ಯುಮಿನಿಯಮ್, ಹಿತ್ತಾಳೆಯ ಭಾಗಗಳು ಕಿಲುಬುತ್ತವೆ. ಇನ್ನೊಂದು ಅಂಶ ಗಾಳಿಯ ಅನುಪಾತ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು, ಎಥನಾಲ್‌ಗೆ 9 ಪಟ್ಟು. ಕಾರಿನ ಸಂವೇದಕ ಇದನ್ನು ಅರಿತು ಸರಿಪಡಿಸಿಕೊಳ್ಳುತ್ತದೆ. ಸ್ಪ್ರೇಯರ್‌ನ ಜೆಟ್‌ಗೆ ಆ ಬುದ್ಧಿ ಇಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗಬಹುದು. ಲೀಟರಿಗೆ ಪೆಟ್ರೋಲ್‌ನ ಶಕ್ತಿ ಸುಮಾರು 32 ಮೆಗಾಜೂಲ್, ಎಥನಾಲ್‌ನದು 21. ಆದ್ದರಿಂದ ಇ-20ರಲ್ಲಿ ಶಕ್ತಿ ಶೇಕಡ 7ರಷ್ಟು ಕಡಿಮೆ. ಆದರೆ ಆಕ್ಟೇನ್ ಸಂಖ್ಯೆ ಹೆಚ್ಚು ಎಂಬ ಗುಣವನ್ನೂ ಮರೆಯಬಾರದು.

ಅಮೆರಿಕದಲ್ಲಿ 2010-11ರಲ್ಲಿ ಇ-15 ಪೆಟ್ರೋಲ್‌ಗೆ ಅನುಮತಿ ಕೊಟ್ಟಾಗ 2001ರ ನಂತರದ ಮಾದರಿಯ ಕಾರುಗಳಿಗೆ ಮಾತ್ರ ಕೊಟ್ಟರು. ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ದೋಣಿಯ ಎಂಜಿನ್‌ಗಳಿಗೆ ಅದನ್ನು ನಿಷೇಧಿಸಿದರು. ನಮ್ಮಲ್ಲಿ ತೋಟದ ಹಳೆಯ ಯಂತ್ರಗಳಿಗೂ ಹೊಸ ಕಾರಿಗೂ ಸಾಮಾನ್ಯವಾಗಿ ಒಂದೇ ನಳಿಕೆಯ ಪೆಟ್ರೋಲ್. ಕಬ್ಬು ಬೆಳೆಗಾರನಿಗೆ ಎಥನಾಲ್‌ನಿಂದ ಲಾಭವಿದೆ, ದೇಶದ ತೈಲ ಆಮದಿನಲ್ಲಿ ಉಳಿತಾಯವಿದೆ. ಆದರೆ ಜುಲೈ ತಿಂಗಳಿನ ಒಂದು ವಾರದ ಹೊಳವಿನಲ್ಲಿ ಸ್ಪ್ರೇಯರ್ ಕೈಕೊಟ್ಟರೆ ಅಡಿಕೆ ಬೆಳೆಗಾರ ಕಳೆದುಕೊಳ್ಳುವುದು ವರ್ಷದ ಫಸಲನ್ನು. ಈ ಲೆಕ್ಕವೂ ಎಲ್ಲಾದರೂ ಬರೆಯಲ್ಪಡಬೇಕು.

ಏನು ಮಾಡಬಹುದು?

ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಒಣಗಿಸಬೇಕು. ಹೊಸ ಋತುವಿಗೆ ಹೊಸ ಪೆಟ್ರೋಲ್ ತರಬೇಕು. ಹಳೆಯ ರಬ್ಬರ್ ಭಾಗಗಳನ್ನು ಎಥನಾಲ್ ತಾಳುವ ಭಾಗಗಳಿಂದ ಬದಲಿಸಬೇಕು. ಪೆಟ್ರೋಲನ್ನು ನೀರಿನಲ್ಲಿ ಕುಲುಕಿ ಎಥನಾಲ್ ತೆಗೆದು ಬಳಸುವ ಉಪಾಯ ಬೇಡ. ಎಥನಾಲ್ ಹೋದರೆ ಆಕ್ಟೇನ್ ಸಂಖ್ಯೆ ಕುಸಿದು ಎಂಜಿನ್ ಬಡಿಯತೊಡಗುತ್ತದೆ, ಬೆಂಕಿಯ ಅಪಾಯ ಬೇರೆ.

ಆದರೆ ಅಧ್ಯಾಪಕರು ಪ್ರಯೋಗಾಲಯದಲ್ಲಿ, ಜ್ವಾಲೆಯಿಂದ ದೂರ, ಕಿಟಕಿ ತೆರೆದಿಟ್ಟು, ಇದನ್ನೇ ಒಂದು ಪ್ರಯೋಗವಾಗಿ ತೋರಿಸಬಹುದು. ಮುಚ್ಚಳವಿರುವ 100 ಮಿ.ಲೀ. ಅಳತೆ ಜಾಡಿಗೆ 20 ಮಿ.ಲೀ. ನೀರು, 50 ಮಿ.ಲೀ. ಪೆಟ್ರೋಲ್ ಹಾಕಿ ಮೆಲ್ಲನೆ ತಿರುಗಿಸಿ ಹತ್ತು ನಿಮಿಷ ಬಿಡಿ. ಇ-20 ಆಗಿದ್ದರೆ ತಳದ ಪದರ 20ರಿಂದ 30ರ ಸಮೀಪಕ್ಕೆ ಏರುತ್ತದೆ. ಅದು 30ಕ್ಕೆ ಸರಿಯಾಗಿ ಮುಟ್ಟದೆ ತುಸು ಕೆಳಗೇ ಏಕೆ ನಿಲ್ಲುತ್ತದೆಂದು ವಿದ್ಯಾರ್ಥಿಗಳನ್ನು ಕೇಳಿ. ನೀರು ಮತ್ತು ಎಥನಾಲ್ ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂಬುದು ಆ ಉತ್ತರದಲ್ಲಿದೆ.