ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಪರದೇಶಕ್ಕೆ ಮಗನನ್ನು ಓದಲು ಕಳುಹಿಸುವ ಮನೆಯಲ್ಲಿ ಅಕ್ಷರಕ್ಕಿಂತ ಮುಂಚೆ ಲೆಕ್ಕ ಹುಟ್ಟುತ್ತದೆ. ಪ್ರಯಾಣಕ್ಕೆಷ್ಟು, ಊಟ ವಸತಿಗೆಷ್ಟು, ರಜಾ ದಿನಗಳ ಖರ್ಚು ಯಾರದು? ಇವುಗಳ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಹಣ ಕೊಟ್ಟವರಿಗೆ ಆ ಹುಡುಗನ ಮೇಲೆ ಎಷ್ಟು ಹಕ್ಕು?

ಕನ್ನಡ ಪಾಠ ಹೇಳುವ ನನಗೆ ಚೀನದ ಚರಿತ್ರೆಯೊಡನೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆತ್ಮಕಥೆಗಳನ್ನು ಓದುವ ಚಪಲ ನನ್ನದು. ಯುಂಗ್ ವಿಂಗ್ ಎಂಬ ಚೀನೀಯ ಮಹಾಶಯರು 1909ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಓದಿದಾಗ ಈ ಪ್ರಶ್ನೆ ಅವರ ಬಾಳಿನುದ್ದಕ್ಕೂ ಹಬ್ಬಿಕೊಂಡಿರುವುದು ಕಂಡಿತು.

1828ರಲ್ಲಿ ಮಕಾವಿನ ಸಮೀಪದ ಹಳ್ಳಿಯೊಂದರ ಬಡಕುಟುಂಬದಲ್ಲಿ ಹುಟ್ಟಿದ ಯುಂಗ್ ವಿಂಗ್, 1847ರಲ್ಲಿ ತಮ್ಮ ಗುರು ಸ್ಯಾಮ್ಯುಯೆಲ್ ಬ್ರೌನರ ಜೊತೆಯಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಹಡಗಿನವರು ಬಾಡಿಗೆ ಕೇಳಲಿಲ್ಲ. ಹಾಂಗ್‌ಕಾಂಗಿನ ಕೆಲವು ಉದಾರಿಗಳು ಎರಡು ವರ್ಷದ ಖರ್ಚನ್ನು ವಹಿಸಿಕೊಂಡರು. ಊರಿನಲ್ಲಿ ಉಳಿದ ತಂದೆತಾಯಿಗಳ ಜೀವನಕ್ಕೂ ಅಷ್ಟು ಕಾಲ ನೆರವು ಕೊಟ್ಟರು. ಮಗ ಓದಲು ಹೋದರೆ ಮನೆಗೆ ದುಡಿಯುವ ಕೈಯೊಂದು ಕಡಿಮೆಯಾಗುತ್ತದೆಂಬುದನ್ನು ಅರಿತ ದಾನ ಅದು. ಮ್ಯಾಸಚೂಸೆಟ್ಸಿನ ಮಾನ್ಸನ್ ಅಕಾಡೆಮಿಯಲ್ಲಿ ಓದುವಾಗ ಊಟ, ವಸತಿ, ದೀಪ, ಸೌದೆ, ಬಟ್ಟೆ ಒಗೆತ ಎಲ್ಲ ಸೇರಿ ವಾರಕ್ಕೆ ಒಂದೂಕಾಲು ಡಾಲರು. ಕೋಣೆ ಗುಡಿಸುವುದು, ಚಳಿಗಾಲದಲ್ಲಿ ಸೌದೆ ಸೀಳುವುದು ಹುಡುಗರದೇ ಕೆಲಸ.

ಮುಂದೆ ಕಾಲೇಜಿಗೆ ಹೋಗಬೇಕು, ಕೈಯಲ್ಲಿ ಕಾಸಿಲ್ಲ. ಮಾನ್ಸನ್ ಶಾಲೆಯ ಧರ್ಮದರ್ಶಿಗಳ ಬಳಿ ಬಡ ವಿದ್ಯಾರ್ಥಿಗಳಿಗಾಗಿ ನಿಧಿಯಿತ್ತು. ಆದರೆ ಓದು ಮುಗಿದ ಮೇಲೆ ಮಿಷನರಿಯಾಗುವೆನೆಂದು ಬರೆದುಕೊಡಬೇಕು. ಯುಂಗ್ ವಿಂಗ್ ಕ್ರೈಸ್ತಧರ್ಮಕ್ಕೆ ವಿರೋಧಿಯೇನಲ್ಲ, ಆದರೂ ಒಲ್ಲೆನೆಂದರು. ಚೀನಕ್ಕೆ ತಾನು ಯಾವ ರೀತಿಯಲ್ಲಿ ಉಪಯೋಗವಾದೇನೆಂದು ಓದುವ ಮೊದಲೇ ಕಟ್ಟಿಹಾಕಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಕೊನೆಗೆ ಸವಾನಾ ಊರಿನ ಮಹಿಳಾ ಸಂಘವೊಂದು ನೆರವಿಗೆ ಬಂದಿತು. ಯೇಲ್ ಕಾಲೇಜಿನಲ್ಲಿ ಸಹಪಾಠಿಗಳ ಊಟದ ಕೂಟವೊಂದಕ್ಕೆ ಸಾಮಾನು ತಂದು, ಬಡಿಸಿ, ತಮ್ಮ ಊಟವನ್ನು ಸಂಪಾದಿಸಿಕೊಂಡರು. 1854ರಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ಪದವಿ ಪಡೆದ ಮೊದಲ ಚೀನೀಯರಾದರು.

ತಾವು ಪಡೆದುದನ್ನು ನಾಡಿನ ಮಕ್ಕಳೂ ಪಡೆಯಬೇಕೆಂದು ಹಟ ಹಿಡಿದರು. ಮಂತ್ರಿಶ್ರೇಷ್ಠರಾದ ಝೆಂಗ್ ಗುವೊಫಾನ್ ಮತ್ತು ಲೀ ಹಾಂಗ್‌ಜಾಂಗ್ ಚಕ್ರವರ್ತಿಗೆ ಬಿನ್ನವಿಸಿ ಅಪ್ಪಣೆ ತಂದರು. 1872ರಿಂದ 1875ರವರೆಗೆ ವರ್ಷಕ್ಕೆ 30ರಂತೆ 120 ಹುಡುಗರು; ಓದಿಗೆ 15 ವರ್ಷ; ಖರ್ಚಿಗೆ ಷಾಂಘಾಯಿಯ ಸುಂಕದ ಹಣದಿಂದ 20 ವರ್ಷಕ್ಕೆ 12 ಲಕ್ಷ ಟೇಲ್ ಬೆಳ್ಳಿ. ತಲೆಗೆ ಹಂಚಿದರೆ 10,000 ಟೇಲ್! ಇಷ್ಟು ಹಣ ಬರಿಗೈಯಲ್ಲಿ ಬಂದೀತೆ? ಓದಿ ಬಂದ ಮಗ ಸರ್ಕಾರದ ಆಜ್ಞೆಯಂತೆ ನಡೆಯತಕ್ಕದ್ದು, ಪರದೇಶದಲ್ಲಿ ಕಾಯಿಲೆಯಾದರೆ, ಸತ್ತರೆ ಅದು ದೈವಚಿತ್ತ ಎಂದು ತಂದೆಯಿಂದ ಬರೆಸಿಕೊಂಡರು. ತಮಗೆ ಬೇಡವಾಗಿದ್ದ ಮುಚ್ಚಳಿಕೆಯ ನೆರಳಿನಲ್ಲಿಯೇ ಯುಂಗ್ ವಿಂಗ್ ಈ ಮಕ್ಕಳನ್ನು ಕರೆದೊಯ್ಯಬೇಕಾಯಿತು.

ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿನಲ್ಲಿ ಕಚೇರಿ. ಹುಡುಗರು ಸುತ್ತಲಿನ ಅಮೆರಿಕನ್ ಗೃಹಸ್ಥರ ಮನೆಗಳಲ್ಲಿ ವಾಸ. ಕಚೇರಿಯಲ್ಲಿ ಇಬ್ಬರು ಅಧಿಕಾರಿಗಳು: ಯುಂಗ್ ವಿಂಗ್ ಮತ್ತು ಹಳೆಯ ಪರೀಕ್ಷೆಗಳಲ್ಲಿ ಗೆದ್ದು ಬಂದ ಚೆನ್ ಲಾನ್‌ಬಿನ್. ಶಾಲೆಯ ಖರ್ಚು, ರಜೆಯ ಖರ್ಚು, ಉಡುಪಿನ ಬದಲಾವಣೆ, ಮನೆಯವರ ಪ್ರಾರ್ಥನೆಗೆ ಕೂಡುವುದು, ಆಟೋಟ ಒಂದೊಂದರಲ್ಲಿಯೂ ಇಬ್ಬರಿಗೂ ಚರ್ಚೆ. ಹುಡುಗರ ಪರವಾಗಿ ನಿಲ್ಲುವ ಪಾಡು ಯುಂಗ್ ವಿಂಗರದು. ರಜೆಯ ಖರ್ಚಿನ ಬಾಬು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಆದರೆ ಅದರಲ್ಲಿ ಹುಡುಗ ರಜೆಯನ್ನು ಯಾರೊಡನೆ ಕಳೆಯಬೇಕು, ಯಾರಂತಾಗಬೇಕು ಎಂಬ ಜಗಳ ಅಡಗಿತ್ತು. ಹಣವನ್ನು ಮಂಜೂರು ಮಾಡುವವನು ಹುಡುಗನ ನಡೆನುಡಿಯನ್ನೂ ಮಂಜೂರು ಮಾಡಬಯಸುತ್ತಾನೆ.

1876ರಲ್ಲಿ ಬಂದ ವೂ ಜಿಡೆಂಗ್ ಎಂಬ ಅಧಿಕಾರಿ ಹುಡುಗರು ಕೆಟ್ಟುಹೋದರೆಂದು ದೂರಿನ ಮೇಲೆ ದೂರು ಬರೆದರು. ಅಮೆರಿಕ ತನ್ನ ಸೈನಿಕ ವಿದ್ಯಾಲಯಗಳಿಗೆ ಈ ಹುಡುಗರನ್ನು ಸೇರಿಸಿಕೊಳ್ಳಲು ನಿರಾಕರಿಸಿದ್ದು ದೂರಿಗೆ ಬಲ ಕೊಟ್ಟಿತು. 1881ರಲ್ಲಿ, 15 ವರ್ಷದ ಅರ್ಧದಾರಿಯಲ್ಲಿ, ಎಲ್ಲರನ್ನೂ ಹಿಂದಕ್ಕೆ ಕರೆಸಿಕೊಂಡರು. ಪದವಿ ಮುಗಿಸಿದ್ದವರು ಇಬ್ಬರೇ. ಸರ್ಕಾರ ಹಣವನ್ನೂ ಕಳೆದುಕೊಂಡಿತು, ಫಲವನ್ನೂ ಕಾಯಲಿಲ್ಲ.

ಆದರೆ ಆ ಇಬ್ಬರಲ್ಲಿ ಒಬ್ಬರಾದ ಝಾನ್ ತ್ಯೆನ್‌ಯೋ, ಪೀಕಿಂಗಿನಿಂದ ಕಾಲ್ಗನ್‌ವರೆಗೆ ಗುಡ್ಡಗಳನ್ನು ಕೊರೆದು, ಪರದೇಶೀ ಎಂಜಿನಿಯರುಗಳ ಹಂಗಿಲ್ಲದೆ 1909ರಲ್ಲಿ ರೈಲುದಾರಿ ಮುಗಿಸಿದರು. ತಾಂಗ್ ಷಾವ್‌ಯಿ 1912ರಲ್ಲಿ ಚೀನ ಗಣರಾಜ್ಯದ ಮೊದಲ ಪ್ರಧಾನಿಯಾದರು. ಲಿಯಾಂಗ್ ಚೆಂಗ್ ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿ, ಬಾಕ್ಸರ್ ದಂಗೆಯ ದಂಡದಲ್ಲಿ ಅಮೆರಿಕ ಹೆಚ್ಚಾಗಿ ಪಡೆದ ಹಣವನ್ನು ಹಿಂದಿರುಗಿಸುವಂತೆ ಪಟ್ಟು ಹಿಡಿದರು. 1908ರಲ್ಲಿ ಅಮೆರಿಕ ಒಪ್ಪಿತು. ಆ ಹಣದಿಂದಲೇ ಹೊಸ ತಂಡಗಳು ಓದಲು ಹೊರಟವು. 1911ರಲ್ಲಿ ಚಿಂಗ್‌ಹುವಾ ವಿದ್ಯಾಸಂಸ್ಥೆ ಹುಟ್ಟಿತು. ಈ ಸಲವೂ ಹಣದ ಜೊತೆಗೆ ಒಂದು ಕಟ್ಟುಪಾಡು: ವಿದ್ಯಾರ್ಥಿಗಳು ಹೋಗಬೇಕಾದುದು ಅಮೆರಿಕಕ್ಕೆ.

ಷರತ್ತಿಲ್ಲದ ವಿದ್ಯಾದಾನ ಅಪರೂಪ. ಖರ್ಚಿಗೆ ಲೆಕ್ಕ ಕೇಳುವುದು ತಪ್ಪಲ್ಲ. ತಂದೆಯೂ ಕೇಳುತ್ತಾನೆ, ಸರ್ಕಾರವೂ ಕೇಳಬೇಕು. ಆದರೆ ಪೀಕಿಂಗಿನವರು ಒಂಬತ್ತನೆಯ ವರ್ಷಕ್ಕೆ ಖರ್ಚಿನ ಪುಟವನ್ನು ಓದಿ ಪುಸ್ತಕ ಮುಚ್ಚಿದರು. ಜಮೆಯ ಪುಟ ತುಂಬಲು ಇನ್ನೂ ಮೂವತ್ತು ವರ್ಷ ಬೇಕಾಗಿತ್ತು.