ಆಳದ ನೀರು, ಸಿಡಿಯುವ ನೀರು: ಸಣ್ಣ ಫಿಲ್ಮ್ ಕ್ಯಾಮರಾದ ರಕ್ಷಣೆಯ ಚರಿತ್ರೆ, ಕೂಳೂರಿನಿಂದ ಕಂಡಂತೆ

ನೀರಿನಲ್ಲಿ ಫೋಟೋ ತೆಗೆದವರ ಚರಿತ್ರೆಯನ್ನು ಸಾಮಾನ್ಯವಾಗಿ ಆಳದ ಲೆಕ್ಕದಲ್ಲೇ ಹೇಳುತ್ತಾರೆ. ಯಾರು ಎಷ್ಟು ಮೀಟರ್ ಕೆಳಗಿಳಿದರು, ಯಾವ ಪೆಟ್ಟಿಗೆ ಎಷ್ಟು ಒತ್ತಡ ತಾಳಿತು ಎಂಬುದೇ ಅಲ್ಲಿ ಮುಖ್ಯ. ಕರಾವಳಿಯ ಕೂಳೂರಿನಲ್ಲಿ ನಿಂತರೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಗುರುಪುರ ನದಿ ಇಲ್ಲಿನ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ತಿರುಗುತ್ತದೆ; ತಣ್ಣೀರುಬಾವಿ, ಬೆಂಗ್ರೆಯ ಮರಳದಿಬ್ಬದ ಹಿಂದೆ ಸಮುದ್ರಕ್ಕೆ ಸಮಾನಾಂತರವಾಗಿ ಹರಿದು ನೇತ್ರಾವತಿಯೊಡನೆ ಅಳಿವೆ ಸೇರುತ್ತದೆ. ಮಳೆಗಾಲದಲ್ಲಿ ಅದರದು ಕೆಂಪು ನೀರು, ಬೇಸಿಗೆಯಲ್ಲಿ ಉಬ್ಬರದೊಡನೆ ಏರಿಬರುವ ಉಪ್ಪುನೀರು. ಮುಳುಗಿ ನೋಡಲು ಇಲ್ಲಿ ಏನೂ ಕಾಣದು. ಇಲ್ಲಿ ಕ್ಯಾಮರಾ ಕೆಡುವುದು ಮಳೆಯಿಂದ, ಉಪ್ಪುಗಾಳಿಯಿಂದ, ತೆರೆಯ ಸಿಡಿತದಿಂದ, ಬಂಗ್ರಕೂಳೂರಿನ ಗೋಲ್ಡ್‌ಫಿಂಚ್ ಸಿಟಿಯಲ್ಲಿ ನಡೆಯುವ ಕಂಬಳದ ಕೆಸರಿನಿಂದ. ಆಳಕ್ಕೆಂದು ಬೆಳೆದ ತಂತ್ರವೂ ಮೇಲ್ಮೈಗೆಂದು ಬೆಳೆದ ತಂತ್ರವೂ ಬೇರೆ ಬೇರೆ ದಾರಿಯವು. ಎರಡನೆಯದಕ್ಕೆ ಸಲ್ಲಬೇಕಾದ ಜಾಗ ಸಂದಿಲ್ಲ ಎಂಬುದು ಈ ಲೇಖನದ ವಾದ.

ಮೊದಲನೆಯ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. 1856ರಲ್ಲಿ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಂಪ್ಸನ್ ಕ್ಯಾಮರಾವನ್ನು ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ಕೆಳಗಿಳಿಸಿದ. ಪೆಟ್ಟಿಗೆಯೊಳಗೆ ನೀರು ನುಗ್ಗಿತು, ಆದರೂ ಗಾಜಿನ ಫಲಕದ ಮೇಲೆ ಮಸುಕಾದ ಚಿತ್ರ ಉಳಿಯಿತು. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ತೀರದಲ್ಲಿ ಲೂಯಿ ಬೂತಾನ್ ತನ್ನ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಚೀಲವನ್ನು ಜೋಡಿಸಿದ. ಕೆಳಗಿಳಿದಂತೆ ನೀರು ಚೀಲವನ್ನು ಹಿಂಡುತ್ತಿತ್ತು, ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿಗಟ್ಟುತ್ತಿತ್ತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಜಾಣತನದ ಉಪಾಯ ಇನ್ನೊಂದಿಲ್ಲ. 1925ರಲ್ಲಿ ಲೈಕಾ ಬಂದು 35 ಮಿ.ಮೀ. ಫಿಲ್ಮಿನ ಕ್ಯಾಮರಾ ಅಂಗೈಯಗಲಕ್ಕೆ ಇಳಿಯಿತು. ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್ 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಓ-ರಿಂಗ್ ಎಂಬ ರಬ್ಬರ್ ಉಂಗುರ, ಕೀಲುಸಂದುಗಳನ್ನು ಮುಚ್ಚುವ ಸಮಸ್ಯೆಯನ್ನು ಬಹುಪಾಲು ಬಗೆಹರಿಸಿತು. 1950ರ ದಶಕದಲ್ಲಿ ಮುಳುಗುಗಾರ ಹಾನ್ಸ್ ಹಾಸ್‌ನ ಹೆಸರಿನೊಡನೆ ರೋಲಿಫ್ಲೆಕ್ಸ್‌ಗೆ ಲೋಹದ ಕವಚ ಬಂತು, ಅದೇ ರೋಲಿಮರಿನ್.

ಕವಚವೇ ಬೇಡ, ಕ್ಯಾಮರಾದ ಮೈಯೇ ನೀರು ತಡೆಯಲಿ ಎಂದವನು ಬೆಲ್ಜಿಯಂನ ಜಾನ್ ದ ವೂಟರ್ಸ್. ಸಮುದ್ರಶೋಧಕ ಜಾಕ್ ಕುಸ್ತೋನ ಪ್ರೇರಣೆಯಿಂದ ಅವನು ರೂಪಿಸಿದ ಕ್ಯಾಲಿಪ್ಸೊ 1960ರ ಸುಮಾರಿಗೆ ಮಾರುಕಟ್ಟೆಗೆ ಬಂತು. 1963ರಲ್ಲಿ ನಿಕಾನ್ ಅದನ್ನೇ ನಿಕೋನೋಸ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಮೊದಲ ಮಾದರಿಯನ್ನು ಕೈಯಲ್ಲಿ ಹಿಡಿದರೆ ಅದರ ಸರಳತೆ ಅರ್ಥವಾಗುತ್ತದೆ. ಲೆನ್ಸನ್ನು ಕಳಚಿ, ಪಟ್ಟಿ ಕಟ್ಟುವ ಕೊಂಡಿಗಳನ್ನೇ ಮೀಟುಗೋಲಾಗಿ ಒತ್ತಿದರೆ ಶಟರ್, ಫಿಲ್ಮ್ ಇರುವ ಒಳಭಾಗ ಪೂರ್ತಿ ಮೇಲೆದ್ದು ಬರುತ್ತದೆ. ಫಿಲ್ಮ್ ತುಂಬಿ ಮತ್ತೆ ಕೂರಿಸಿ ಲೆನ್ಸ್ ಹಾಕಿದರೆ ಆ ಲೆನ್ಸೇ ಎರಡೂ ಭಾಗಗಳಿಗೆ ಬೀಗ. ಸಂದುಗಳಲ್ಲಿ ಓ-ರಿಂಗ್‌ಗಳು, 50 ಮೀಟರ್ ಆಳದ ತನಕ ಭರವಸೆ. ದೂರವನ್ನು ಮಾತ್ರ ಅಂದಾಜಿನಲ್ಲೇ ಹೊಂದಿಸಬೇಕು. ಬೆಳಕು ನೀರಿನಲ್ಲಿ ಬಾಗುವುದರಿಂದ ವಸ್ತು ಇದ್ದುದಕ್ಕಿಂತ ಮುಕ್ಕಾಲು ದೂರದಲ್ಲಿ ಇರುವಂತೆ ತೋರುತ್ತದೆ. ಲೆನ್ಸಿಗೂ ಹಾಗೆಯೇ ತೋರುವುದರಿಂದ, ಕಣ್ಣಿಗೆ ಕಂಡ ದೂರವನ್ನೇ ಇಟ್ಟರೆ ಸರಿಹೋಗುತ್ತದೆ.

ಆಳಕ್ಕೆಂದೇ ಹುಟ್ಟಿದ ಈ ಕ್ಯಾಮರಾ ವಿಯೆಟ್ನಾಂ ಯುದ್ಧದಲ್ಲಿ ಮಳೆ ಮತ್ತು ಕೆಸರಿನ ನಡುವೆ ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ತೂಗಾಡಿತು. ಎರಡನೆಯ ದಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ದಾರಿಯಾದರೂ ಹಳೆಯದೇ: ಸರ್ಫರ್ ಟಾಮ್ ಬ್ಲೇಕ್ ತಾನೇ ಮಾಡಿಕೊಂಡ ಪೆಟ್ಟಿಗೆಯಲ್ಲಿ ಕ್ಯಾಮರಾ ಹಿಡಿದು ಹವಾಯಿಯ ತೆರೆಗಳ ನಡುವಿನಿಂದ ತೆಗೆದ ಚಿತ್ರಗಳು 1935ರಲ್ಲೇ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾದವು. ಅಲ್ಲಿ ಆಳದ ಪ್ರಶ್ನೆಯೇ ಇರಲಿಲ್ಲ, ಇದ್ದದ್ದು ಹೊಡೆತದ ಪ್ರಶ್ನೆ.

ಹೊಡೆತವನ್ನು ಹಗುರವಾಗಿ ಎಣಿಸುವಂತಿಲ್ಲ. ಕಂಬಳದ ಕನೆಹಲಗೆ ವಿಭಾಗದಲ್ಲಿ ಕೋಣಗಳನ್ನು ಓಡಿಸುವವನು ತೂತುಗಳಿರುವ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ. ಆ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದರ ಮೇಲೆ ತೀರ್ಪು. ಉದಾಹರಣೆಗೆ, ನೀರು 5 ಮೀಟರ್ ಮೇಲೇರಬೇಕಾದರೆ ಹಲಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 10 ಮೀಟರ್ ಇರಬೇಕು. ಅಷ್ಟು ವೇಗದ ನೀರು ನೇರವಾಗಿ ಬಡಿದರೆ ಆ ಕ್ಷಣದ ಒತ್ತಡ 5 ಮೀಟರ್ ಆಳದ ಒತ್ತಡಕ್ಕೆ ಸಮ. ಅಂದರೆ ಕೋಣಗಳು ಓಡುವ ಕರೆಯ ಅಂಚಿನಲ್ಲಿ ಒಣನೆಲದ ಮೇಲೆ ನಿಂತವನ ಕ್ಯಾಮರಾ ಒಂದು ಗಳಿಗೆ ಮುಳುಗಿ ಎದ್ದಂತೆಯೇ. ಇನ್ನೂ ಒಂದು ತೊಡಕಿದೆ. ಆಳದಲ್ಲಿ ನೀರಿನ ಒತ್ತಡವೇ ಓ-ರಿಂಗನ್ನು ಅದರ ತೋಡಿಗೆ ಒತ್ತಿ ಬಿಗಿಗೊಳಿಸುತ್ತದೆ. ಮೇಲ್ಮೈಯಲ್ಲಿ ಆ ಸಹಾಯ ಇಲ್ಲ. ಒಂದು ಕೂದಲು, ಒಂದು ಮರಳ ಕಣ ಸಿಕ್ಕಿಕೊಂಡರೆ ಮೊದಲ ಅರ್ಧ ಮೀಟರಿನಲ್ಲೇ ಸೋರುತ್ತದೆ.

ಕಾರ್ಖಾನೆಗಳು ಈ ಮೇಲ್ಮೈಯ ಬಳಕೆದಾರನನ್ನು ಗಮನಿಸಿದ್ದು ತಡವಾಗಿ. 1980ರ ಮಿನೋಲ್ಟಾ ವೆದರ್‌ಮ್ಯಾಟಿಕ್ ಹಳದಿ ಬಣ್ಣದ್ದು, 110 ಫಿಲ್ಮಿನದು. ಕೈಜಾರಿದರೆ ತೇಲುತ್ತಿತ್ತು, ತಾಳುತ್ತಿದ್ದುದು ಸುಮಾರು 5 ಮೀಟರ್. ಜರ್ಮನಿಯ ಈವಾ-ಮರೀನ್ ಮೆದು ಪ್ಲಾಸ್ಟಿಕ್ಕಿನ ಚೀಲ ಮಾಡಿತು. ಮುಂದೆ ಚಪ್ಪಟೆ ಗಾಜು, ಮೇಲೆ ತಿರುಪು ಬಿಗಿಯುವ ಪಟ್ಟಿ, ಗುಂಡಿಗಳನ್ನು ಒತ್ತಲು ಒಳಕ್ಕೆ ಚಾಚಿದ ಕೈಗವಸಿನ ಬೆರಳು. ಬೂತಾನನ ರಬ್ಬರ್ ಚೀಲದ ತತ್ವವೇ ಇಲ್ಲಿ ಇಡೀ ಕವಚವಾಗಿತ್ತು.

ನಮ್ಮಲ್ಲಿ ಇವನ್ನು ಕೊಂಡವರು ವಿರಳ. ಆಮದು ನಿರ್ಬಂಧದ ದಿನಗಳಲ್ಲಿ ಮನೆಗಳಲ್ಲಿದ್ದದ್ದು ವಡೋದರದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್, ಆಮೇಲೆ ಯಾಶಿಕಾ ಎಂಎಫ್-2. ಇವುಗಳ ಜಲಕವಚ ಒಂದು ಪ್ಲಾಸ್ಟಿಕ್ ತೊಟ್ಟೆ: ಲೆನ್ಸಿನ ಮುಂದೆ ತೂತು, ಅಂಚಿಗೆ ರಬ್ಬರ್ ಬ್ಯಾಂಡ್. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇದು ಸಾಲದಾಗುವುದು ತೊಟ್ಟೆಯ ತಪ್ಪಿನಿಂದಲ್ಲ, ಒಳಗೇ ಸಿಕ್ಕಿಬಿದ್ದ ತೇವದ ಗಾಳಿಯಿಂದ. ಬಿಗಿಯಾಗಿ ಮುಚ್ಚಿದಷ್ಟೂ ಗಾಜಿನ ಒಳಮೈ ಮಂಜಾಗುತ್ತದೆ, ಹಾಗೆಯೇ ಇಟ್ಟರೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಬಲ್ಬ್ ಉರಿಯುವ ಕಪಾಟು, ಸಿಲಿಕಾ ಜೆಲ್ ಪೊಟ್ಟಣ ಇವೂ ಜಲರಕ್ಷಣೆಯ ಚರಿತ್ರೆಗೇ ಸೇರಬೇಕಾದವು.

ನೀರು ಒಳಹೊಕ್ಕ ಮೇಲಿನ ಚಿಕಿತ್ಸೆ ಯಾವ ನೀರು ಎಂಬುದನ್ನು ಅವಲಂಬಿಸಿದೆ. ಜುಲೈಯ ಗುರುಪುರ ನದಿಯಲ್ಲಿ ನೆನೆದ ಯಾಂತ್ರಿಕ ಕ್ಯಾಮರಾವನ್ನು ಒಣಗಿಸಿ ಉಳಿಸಿಕೊಳ್ಳಬಹುದು. ಏಪ್ರಿಲಿನ ಉಬ್ಬರದಲ್ಲಿ ನೆನೆದದ್ದನ್ನು ತಕ್ಷಣ ಸಿಹಿನೀರಿನಲ್ಲಿ ಜಾಲಾಡಬೇಕು, ಇಲ್ಲವಾದರೆ ಉಪ್ಪು ಹಿತ್ತಾಳೆಯನ್ನೂ ಅಲ್ಯುಮಿನಿಯಮನ್ನೂ ತಿನ್ನುತ್ತದೆ. ಫಿಲ್ಮನ್ನು ಮಾತ್ರ ಒಣಗಿಸಲೇಬಾರದು. ಉಬ್ಬಿದ ಜೆಲಾಟಿನ್ ಒಣಗುವಾಗ ಸುರುಳಿಯ ಪದರಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಚಿತ್ರವೇ ಕಿತ್ತುಬರುತ್ತದೆ. ಕತ್ತಲಲ್ಲಿ ನೀರಿನಲ್ಲೇ ಮುಳುಗಿಸಿಟ್ಟು ಆದಷ್ಟು ಬೇಗ ಡೆವಲಪ್ ಮಾಡಬೇಕು. ಡೆವಲಪರಿಗೆ ಹೇಳಿದ ಉಷ್ಣತೆ 20 ಡಿಗ್ರಿ, ಕರಾವಳಿಯ ನಲ್ಲಿನೀರು 28ರ ಆಚೀಚೆ. ಮೊದಲೇ ನೆನೆದು ಮೆತ್ತಗಾದ ಜೆಲಾಟಿನ್ ಈ ಬಿಸಿಗೆ ಇನ್ನಷ್ಟು ಸಡಿಲವಾಗುವುದರಿಂದ ಮಂಜುಗಡ್ಡೆಯೋ ಗಟ್ಟಿಗೊಳಿಸುವ ಕ್ರೋಮ್ ಆಲಮ್ಮೋ ಬೇಕೇಬೇಕು.

2001ರಲ್ಲಿ ನಿಕಾನ್ ನಿಕೋನೋಸ್ ತಯಾರಿಕೆಯನ್ನು ನಿಲ್ಲಿಸಿತು. ಈಗ ಬಂಗ್ರಕೂಳೂರಿನ ಕಂಬಳದಲ್ಲಿ ಓಟ ಮುಗಿಯುವ ಮಂಜೊಟ್ಟಿಯ ಬಳಿ ಸಾಲಾಗಿ ನಿಲ್ಲುವ ಡಿಜಿಟಲ್ ಕ್ಯಾಮರಾಗಳ ಮೈಸಂದುಗಳಲ್ಲಿ ರಬ್ಬರ್ ತಡೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ಆದರೆ ಅದು ತಡೆಯುವುದು ಹನಿಯನ್ನು. ಕರೆಯಿಂದ ಸಿಡಿಯುವುದು ಜೇಡಿ ಬೆರೆತ ನೀರು. ಅದು ಜೂಮ್ ಬಳೆಯ ಸಂದಿನಲ್ಲಿ ಒಣಗಿದರೆ ಬಳೆ ಕರಕರ ಎನ್ನುತ್ತದೆ. ಆ ಜೇಡಿಗೆ ಇಂದಿಗೂ ಅಗ್ಗದ ಮದ್ದು ಒಂದು ತೊಟ್ಟೆ ಮತ್ತು ರಬ್ಬರ್ ಬ್ಯಾಂಡ್.