ಹೊಳೆಯಾಚೆಗೊಂದು ಕಾನೂನು

ಶ್ರೀರಂಗಪಟ್ಟಣದ ದ್ವೀಪ 1799ರಿಂದ 1881ರವರೆಗೆ ಮೈಸೂರಿನ ಸ್ವಂತ ನೆಲವಾಗಿರಲಿಲ್ಲ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜ್ಯವನ್ನು ಒಡೆಯರ ವಂಶಕ್ಕೆ ಒಪ್ಪಿಸಿದ ಈಸ್ಟ್ ಇಂಡಿಯಾ ಕಂಪನಿ, ಕೋಟೆಯಿದ್ದ ದ್ವೀಪವನ್ನು ಮಾತ್ರ ತನ್ನಲ್ಲೇ ಇರಿಸಿಕೊಂಡಿತು. ಮುಂದೆ ಅದನ್ನು ವರ್ಷಕ್ಕೆ 50,000 ರೂಪಾಯಿಗೆ ಮೈಸೂರಿಗೇ ಗುತ್ತಿಗೆ ಕೊಟ್ಟಿತಾದರೂ ಒಡೆತನ ಬಿಡಲಿಲ್ಲ. ಕಾವೇರಿಯ ಕವಲು ದಾಟಿ ಹಿರೋಡೆಯ ಕಡೆ ಹೊರಟರೆ ನೆಲದ ಒಡೆಯರೇ ಬೇರೆ. ಈ ಹಿರೋಡೆಯೇ ಇಂದಿನ ಪಾಂಡವಪುರ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಕಾರಣ ಬ್ರಿಟಿಷರು ಅದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆಯುತ್ತಿದ್ದರು.

1881ರಲ್ಲಿ ಅಧಿಕಾರ ಒಡೆಯರಿಗೆ ಮರಳಿದಾಗ ದ್ವೀಪವೂ ಮೈಸೂರಿಗೆ ಬಂತು. ಬದಲಿಗೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಪಾಲಾಯಿತು, 1947ರವರೆಗೂ ಹಾಗೆಯೇ ಉಳಿಯಿತು. ಈ ವಿನಿಮಯದ ಅರ್ಥ ಚೆನ್ನಾಗಿ ಬಯಲಾದದ್ದು 1908ರಲ್ಲಿ. ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ ಬಂದ ಪತ್ರಿಕಾ ಕಾನೂನು, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸಬಾರದೆಂದು ವಿಧಿಸಿತು. ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಮುಂತಾದವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಬೆಂಗಳೂರು ಪೇಟೆಯಲ್ಲಿ ಜಾರಿಯಲ್ಲಿದ್ದ ಈ ಕಾನೂನು ಪಕ್ಕದ ದಂಡಿನಲ್ಲಿ ಅನ್ವಯವಾಗುತ್ತಿರಲಿಲ್ಲ. ಊರೊಂದು, ಕಾನೂನು ಎರಡು.

ಗಡಿಯೇ ಇಲ್ಲ ಎಂಬ ಹೆಗ್ಗಳಿಕೆಯೊಂದಿಗೆ ಇಂಟರ್‌ನೆಟ್ ಬಂದಾಗ ಇಂಥ ಗೆರೆಗಳು ಅಳಿಸಿಹೋದವೆಂದು ಬಹಳ ಮಂದಿ ನಂಬಿದ್ದರು. ಹಾಗಾಗಲಿಲ್ಲ. ಇಂಟರ್‌ನೆಟ್‌ಗೆ ಸೇರುವ ಪ್ರತಿ ಸಂಪರ್ಕಕ್ಕೂ ಒಂದು ಅಂಕಿ ವಿಳಾಸವಿರುತ್ತದೆ. ಇವನ್ನು ಕಂತೆ ಕಂತೆಯಾಗಿ ಕಂಪನಿಗಳಿಗೆ ಹಂಚಲಾಗುವುದರಿಂದ, ಯಾವ ಕಂತೆ ಯಾವ ದೇಶದ್ದೆಂದು ಪಟ್ಟಿ ನೋಡಿ ಹೇಳಬಹುದು. ಬಾಗಿಲಲ್ಲೇ ತಡೆಯಲು ಅಷ್ಟು ಸಾಕು. 2018ರ ಮೇ 25ರಂದು ಯೂರೋಪಿನ ಖಾಸಗಿ ಮಾಹಿತಿ ರಕ್ಷಣಾ ಕಾನೂನು ಜಾರಿಗೆ ಬಂದಾಗ, ‘ಲಾಸ್ ಏಂಜಲೀಸ್ ಟೈಮ್ಸ್’, ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಗಳ ಜಾಲತಾಣಗಳು ಯೂರೋಪಿನ ಓದುಗರಿಗೆ ಬಾಗಿಲು ಹಾಕಿದವು. ಅವರನ್ನು ತಡೆಯಿರಿ ಎಂದು ಕಾನೂನೇನೂ ಹೇಳಿರಲಿಲ್ಲ. ಪಾಲಿಸುವ ತೊಂದರೆಗಿಂತ ಓದುಗರನ್ನು ಬಿಡುವುದು ಸುಲಭವೆನಿಸಿತು, ಅಷ್ಟೆ. ನಮ್ಮಲ್ಲಿ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆಪ್‌ಗಳು ನಿಂತದ್ದು ಮಾತ್ರ ಕೇಂದ್ರ ಸರ್ಕಾರದ ನೇರ ಆಜ್ಞೆಯಿಂದ.

ದೇಶದೊಳಗೇ ರಾಜ್ಯಕ್ಕೊಂದು ಗೆರೆ ಎಳೆದ ಪ್ರಸಂಗ ಕರ್ನಾಟಕದ್ದೇ. ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಯಾಗಿ, ಹಣ ಕಟ್ಟುವ ಆನ್‌ಲೈನ್ ಆಟಗಳು ಅಪರಾಧವಾದವು. ಬೆಂಗಳೂರಿನಲ್ಲಿ ಮೊಕದ್ದಮೆ ದಾಖಲಾದ ಬೆನ್ನಲ್ಲೇ ‘ಡ್ರೀಮ್11’ ರಾಜ್ಯದಲ್ಲಿ ತನ್ನ ಆಟ ನಿಲ್ಲಿಸಿತು. ಅಂಕಿ ವಿಳಾಸ ದೇಶವನ್ನು ಹೇಳಿದಷ್ಟು ಖಚಿತವಾಗಿ ತಾಲ್ಲೂಕನ್ನು ಹೇಳದು. ನಾಗಮಂಗಲದ ಮೊಬೈಲು ಬೆಂಗಳೂರಿನದಾಗಿ ಕಾಣುವುದುಂಟು. ಅದಕ್ಕೇ ಇಂಥ ಕಡೆ ಮೊಬೈಲಿನ ಸ್ಥಳಸೂಚಕವೂ ಬೇಕಾಗುತ್ತದೆ. ಕೆ.ಆರ್. ಪೇಟೆಯಿಂದ ಮುಂಬೈಗೆ ದುಡಿಯಲು ಹೋದವರು ಎಷ್ಟೆಂಬುದು 2020ರ ಕೊರೊನಾ ಕಾಲದಲ್ಲಿ ಅವರು ಹಿಂತಿರುಗಿದಾಗ ನಾಡಿಗೇ ತಿಳಿಯಿತು. ಅಂಥ ಮನೆಯಲ್ಲಿ ಅಣ್ಣ ಮುಂಬೈನಲ್ಲಿ ಆಡಬಹುದಾದ ಆಟ ಊರಲ್ಲಿದ್ದ ತಮ್ಮನಿಗೆ ಅಪರಾಧ!

ಸಾಲ ಮಾಡಿ ಆಡಿ ಮನೆ ಹಾಳಾದವರ ಸಂಕಟ ಸುಳ್ಳಲ್ಲ; ಸರ್ಕಾರದ ಕಳವಳವನ್ನು ಹಗುರವಾಗಿ ಕಾಣಲಾಗದು. ಆದರೆ ಜಾಣ್ಮೆಯ ಆಟ, ಅದೃಷ್ಟದ ಜೂಜು ಎಂಬ ಭೇದವನ್ನೇ ಅಳಿಸಿದ್ದು ಆ ಕಾನೂನಿನ ದೌರ್ಬಲ್ಯವಾಗಿತ್ತು. ಹೈಕೋರ್ಟು 2022ರ ಫೆಬ್ರುವರಿ 14ರಂದು ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಕಾನೂನು ಮಾಡಿತು. ಈ ಸಲ ‘ಡ್ರೀಮ್11’ ಹಣದ ಆಟವನ್ನು ನಿಲ್ಲಿಸಿದ್ದು ಕೆ.ಆರ್. ಪೇಟೆಯಲ್ಲೂ ಮುಂಬೈನಲ್ಲೂ ಒಟ್ಟಿಗೇ.